ಪರದೆಯ ಮೇಲೆ ಕನ್ನಡ ಮೂಡಿದ ಬಗೆ

ಆಳಂದ, ಅಫಜಲಪುರ, ಜೇವರ್ಗಿಗಳ ತಹಸೀಲ ಕಚೇರಿಗೆ ಹೋಗಿ, ಭೂಮಿ ಕೇಂದ್ರದ ಕಿಟಕಿಯಲ್ಲಿ ಸರ್ವೆ ನಂಬರು ಹೇಳಿ, ಕನ್ನಡದಲ್ಲಿ ಅಚ್ಚಾದ ಪಹಣಿಯನ್ನು ಪಡೆದು ಬರುವ ರೈತರಿಗೆ, ಆ ಅಕ್ಷರಗಳು ಗಣಕಯಂತ್ರದ ಪರದೆಯನ್ನು ಸೇರಿದುದು ಎಂತಹ ದುರ್ಗಮ ಮಾರ್ಗದಿಂದ ಎಂಬುದು ತಿಳಿದಿರಲು ಕಾರಣವಿಲ್ಲ. ಆ ಮಾರ್ಗದ ಇತಿಹಾಸವೇ ಈ ಹೊತ್ತಿನ ನನ್ನ ವಿಷಯ.

1981ರ ಆಗಸ್ಟಿನಲ್ಲಿ ಐಬಿಎಂ ಸಂಸ್ಥೆಯು ತನ್ನ ಪರ್ಸನಲ್ ಕಂಪ್ಯೂಟರನ್ನು ಹೊರತಂದಾಗ, ಪರದೆಯನ್ನು ನಿರ್ವಹಿಸುವ ಭಾರವನ್ನು ಪ್ರತ್ಯೇಕವಾದ ವಿಡಿಯೋ ಕಾರ್ಡಿಗೆ ಒಪ್ಪಿಸಿದ್ದಿತು. ಅದರ ಏಕವರ್ಣದ ಕಾರ್ಡು ಅಕ್ಷರಗಳನ್ನಲ್ಲದೆ ಚಿತ್ರಗಳನ್ನು ಅರಿಯದು: 25 ಸಾಲು, ಸಾಲಿಗೆ 80 ಮನೆ, ಮನೆಗೊಂದು ಅಕ್ಷರ, ಆ ಅಕ್ಷರಗಳ ಆಕಾರಗಳಾದರೋ ಕಾರ್ಖಾನೆಯಲ್ಲಿಯೇ ಚಿಪ್ಪಿನೊಳಗೆ ಬದಲಿಸಲಾಗದಂತೆ ನೆಲೆಗೊಳಿಸಿದಂಥವು, ಒಟ್ಟು 256. ರೋಮನ್ ಲಿಪಿಗೆ ಇಷ್ಟು ಧಾರಾಳವಾಯಿತು. ಒಂದಕ್ಷರ ಕಿರಿದು, ಒಂದು ಹಿರಿದು, ಒತ್ತು ಸಾಲಿನಿಂದ ಕೆಳಗಿಳಿಯುವುದು, ಗುಣಿತದಿಂದ ರೂಪಗಳು ಬೆಳೆಯುತ್ತ ಹೋಗುವುದು, ಇಂತಹ ನಮ್ಮ ಲಿಪಿಗೆ ಆ ಸಮಾನ ಮನೆಗಳಲ್ಲಿ ವಾಸವು ಸಾಧ್ಯವಿರಲಿಲ್ಲ. ಆದಕಾರಣ ಕನ್ನಡ ಬೇಕೆಂದವನು ಚಿತ್ರ ಬಲ್ಲ ಕಾರ್ಡೊಂದನ್ನು ಹಾಕಿಸಿ, ಚುಕ್ಕೆಯ ರಂಗೋಲಿಯಂತೆ ಒಂದೊಂದಕ್ಷರವನ್ನೂ ತಾನೇ ಬಿಡಿಸಬೇಕಾಗಿದ್ದಿತು.

ಈ ಸಂಕಟ ನಮ್ಮೊಬ್ಬರದೇ ಅಲ್ಲ. 1982ರ ಪ್ರಸಿದ್ಧ ಹರ್ಕ್ಯುಲಿಸ್ ಕಾರ್ಡನ್ನು ನಿರ್ಮಿಸಿದ ವ್ಯಾನ್ ಸುವನ್ನುಕುಲ್ ಎಂಬಾತನು, ತನ್ನ ಡಾಕ್ಟರೇಟ್ ಪ್ರಬಂಧಕ್ಕಾಗಿ ಥಾಯ್ ಲಿಪಿಯನ್ನು ಪರದೆಗೆ ತರುವ ಹಂಬಲದಿಂದಲೇ ಆ ಕಾರ್ಯಕ್ಕೆ ಕೈಹಾಕಿದನು. ವ್ಯಾಪಾರಕ್ಕಿಂತ ಮೊದಲು ಭಾಷೆ ದಾರಿ ತೋರಿದ ಇಂತಹ ಪ್ರಸಂಗಗಳು ಯಂತ್ರಗಳ ಚರಿತ್ರೆಯಲ್ಲಿ ಹೆಚ್ಚಿಲ್ಲ.

ಆದರೆ ಕಾರ್ಡು ದೊರೆತ ಮಾತ್ರಕ್ಕೆ ಕಷ್ಟ ಮುಗಿಯಲಿಲ್ಲ. ಹರ್ಕ್ಯುಲಿಸ್ಸಿನ 720 ಅಡ್ಡ ಚುಕ್ಕೆಗಳ 348 ಸಾಲುಗಳು ಸ್ಮೃತಿಯಲ್ಲಿ ಒಂದರ ಕೆಳಗೊಂದು ಇರದೆ, ನಾಲ್ಕು ವಿಭಾಗಗಳಲ್ಲಿ ಸರದಿಯಂತೆ ಹಂಚಿಹೋಗಿದ್ದುವು. ಒಂದೇ ಅಕ್ಷರದ ತಲೆಕಟ್ಟು ಒಂದೆಡೆ, ಒಡಲು ಮತ್ತೊಂದೆಡೆ. ಐಬಿಎಂನ ವರ್ಣದ ಕಾರ್ಡಿನಲ್ಲಿ, ಪರದೆಯು ಸ್ಮೃತಿಯನ್ನು ಓದುತ್ತಿರುವ ಗಳಿಗೆಯಲ್ಲಿಯೇ ಬರೆಯಹೊರಟರೆ, 80 ಮನೆಗಳ ಸಾಲುಗಳ ಮೇಲೆ ಬಿಳಿಯ ಕಣಗಳು ಸಿಡಿಯುತ್ತಿದ್ದುವು. 6845 ಎಂಬ ನಿಯಂತ್ರಕ ಚಿಪ್ಪಿಗೆ ತಪ್ಪು ಸಂಖ್ಯೆ ಕೊಟ್ಟರಂತೂ ಏಕವರ್ಣದ ಮಾನಿಟರೇ ಕೆಡುವ ಭಯ. 1984ರ ಇಜಿಎ ಕಾರ್ಡಿನಲ್ಲಿ ಚುಕ್ಕೆಯೊಂದರ ಬಣ್ಣ ನಾಲ್ಕು ಪದರಗಳಲ್ಲಿ ಹರಡಿತು. ಅದರ ರಿಜಿಸ್ಟರುಗಳಲ್ಲಿ, ಎಂದರೆ ಕಾರ್ಡನ್ನು ನಿಯಂತ್ರಿಸುವ ಸಂಖ್ಯೆಗಳನ್ನಿಡುವ ತಾಣಗಳಲ್ಲಿ, ಬಹುಪಾಲಿನವಕ್ಕೆ ಬರೆಯಬಹುದಲ್ಲದೆ ಬರೆದುದನ್ನು ಮರಳಿ ಓದಲು ಬಾರದು. ಒಂದು ಕಾರ್ಡಿಗಾಗಿ ಕಲಿತ ವಿದ್ಯೆ ಇನ್ನೊಂದಕ್ಕೆ ನಿಷ್ಪ್ರಯೋಜಕವೆಂಬುದೇ ಎಲ್ಲಕ್ಕಿಂತ ಕ್ಲೇಶಕರವಾದ ಮಾತು.

ಇದಕ್ಕೆ ಪರಿಹಾರ ಕಾನ್ಪುರದ ಐಐಟಿಯಲ್ಲಿ ಮೊಳೆತು, ಪುಣೆಯ ಸಿ-ಡ್ಯಾಕ್ ಸಂಸ್ಥೆಯಲ್ಲಿ ಜಿಸ್ಟ್ ಕಾರ್ಡಾಗಿ ಬೆಳೆಯಿತು. ಅದು ಯಂತ್ರದೊಳಗೆ ಕುಳಿತು, ಇಂಗ್ಲಿಷಿಗಾಗಿ ಬರೆದ ಡಾಸ್ ತಂತ್ರಾಂಶಗಳನ್ನು ತಿದ್ದದೆಯೇ, ಭಾರತೀಯ ಲಿಪಿಗಳನ್ನು ಪರದೆಗೆ ತರುತ್ತಿದ್ದಿತು. ಆ ಕಾರ್ಡು ಬಳಸುತ್ತಿದ್ದ, 1991ರಲ್ಲಿ ರಾಷ್ಟ್ರೀಯ ಮಾನಕವಾದ ಇಸ್ಕಿ ಅಕ್ಷರಸಂಕೇತದಲ್ಲಿ ಕನ್ನಡದ ಕಕಾರಕ್ಕೂ ಮರಾಠಿಯ ಕಕಾರಕ್ಕೂ ಒಂದೇ ಸಂಖ್ಯೆ; ಎರಡೂ ನುಡಿಗಳು ಕಿವಿಗೆ ಬೀಳುವ ಆಳಂದ, ಅಫಜಲಪುರಗಳ ಗಡಿಸೀಮೆಗೆ ಇದಕ್ಕಿಂತ ಉಚಿತವಾದ ಏರ್ಪಾಡನ್ನು ಊಹಿಸುವುದು ಕಷ್ಟ.

ಮುಂದೆ ವಿಂಡೋಸ್ ಬಂದು, ಕಾರ್ಡಿನೊಡನೆ ಮಾತಾಡುವ ಹೊಣೆಯನ್ನು ಡ್ರೈವರುಗಳು ಹೊತ್ತುವು. 1998ರಲ್ಲಿ ಶೇಷಾದ್ರಿವಾಸು ಅವರ ಬರಹ ತಂತ್ರಾಂಶ ಹೊರಬಂದಾಗ ಯಾವ ವಿಶೇಷ ಕಾರ್ಡೂ ಬೇಕಾಗಲಿಲ್ಲ. ಕೆಲವೇ ವರ್ಷಗಳಲ್ಲಿ, ಪಹಣಿಗಳನ್ನು ಗಣಕಯಂತ್ರಕ್ಕೆ ತಂದ ಭೂಮಿ ಯೋಜನೆಯು ರಾಜ್ಯದ ಅಂದಿನ 177 ತಾಲೂಕುಗಳನ್ನೂ ಮುಟ್ಟಿತು.

ಇಂದಿನ ಕಾರ್ಡುಗಳ ಒಳಗುಟ್ಟನ್ನು ತಯಾರಕರು ಪೂರ್ಣವಾಗಿ ಬಿಚ್ಚಿಡುವುದು ವಿರಳವಾದುದರಿಂದ, ಅವನ್ನು ನೇರವಾಗಿ ಮುಟ್ಟುವುದು ಮುನ್ನಿಗಿಂತಲೂ ದುಸ್ಸಾಧ್ಯ. ಆದರೆ 1987ರ ವಿಜಿಎ ಕಾರ್ಡಿನ ಒಂದು ಸರಳ ವಿಧಾನ, ಚುಕ್ಕೆಗೊಂದು ಬೈಟಿನಂತೆ 64,000 ಚುಕ್ಕೆಗಳದು, ಹಳೆಯ ಡಾಸ್ ಯಂತ್ರವನ್ನು ಅನುಕರಿಸುವ ಡಾಸ್‌ಬಾಕ್ಸ್ ತಂತ್ರಾಂಶದಲ್ಲಿ ಈಗಲೂ ಲಭ್ಯ. ಕಲಬುರಗಿಯ ಕಾಲೇಜುಗಳಲ್ಲಿ ಎಂಜಿನಿಯರಿಂಗ್ ಓದುತ್ತಿರುವ ತರುಣ ತರುಣಿಯರು ಅದರಲ್ಲಿ ಒಮ್ಮೆ, ಬೇರೆ ಯಾವ ನೆರವೂ ಇಲ್ಲದೆ, ಕನ್ನಡದ ಒಂದು ಒತ್ತಕ್ಷರವನ್ನು ಬಿಡಿಸಿ ನೋಡಬೇಕೆಂದು ನನ್ನ ವಿನಂತಿ.