ಹಗೇವಿನಿಂದ ಹಾಳೆಯವರೆಗೆ

(ಬ್ಯಾಡಗಿಯಲ್ಲಿ ಖಾರದ ಪುಡಿ ತಯಾರಿಸಿ ಮಾರುವ ಮಹಿಳೆಯರ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



‘ಹಗೇವು’ ಎಂದರೇನು ಎಂದು ನಿಮ್ಮ ಮನೆಯ ಹಿರಿಯರನ್ನು ಕೇಳಿ ನೋಡಿ. ಜೋಳ ಕೂಡಿಡಲು ನಮ್ಮ ಸೀಮೆಯಲ್ಲಿ ನೆಲದೊಳಗೆ ತೋಡುತ್ತಿದ್ದ ಗುಂಡಿ ಅದು. ಸುತ್ತಲೂ ಹುಲ್ಲು ಹೊದಿಸಿ, ಕಾಳು ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಜೋಳ ವರ್ಷಗಟ್ಟಲೆ ಹುಳು ಹತ್ತದೆ ಉಳಿಯುತ್ತಿತ್ತು. ಹಗೇವು ತೆಗೆದ ಕೂಡಲೇ ಮಾತ್ರ ಯಾರೂ ಒಳಗೆ ಇಳಿಯುತ್ತಿರಲಿಲ್ಲ. ಸಾಕಷ್ಟು ಹೊತ್ತು ತೆರೆದಿಟ್ಟು, ದೀಪ ಇಳಿಬಿಟ್ಟು, ಅದು ಆರದಿದ್ದರೆ ಇಳಿಯುತ್ತಿದ್ದರು. ಅವಸರಪಟ್ಟು ಪ್ರಾಣ ಕಳೆದುಕೊಂಡವರೂ ಉಂಟು.

ಕಾರಣ ಇಷ್ಟೆ. ಕಾಳೂ ಉಸಿರಾಡುತ್ತದೆ, ಹುಳುವೂ ಉಸಿರಾಡುತ್ತದೆ. ಮುಚ್ಚಿದ ಗುಂಡಿಯಲ್ಲಿದ್ದ ಆಮ್ಲಜನಕವನ್ನು ಅವೆರಡೂ ಸೇರಿ ಬಳಸಿಬಿಡುತ್ತವೆ. ಅದು ತೀರಿದ ಮೇಲೆ ಹುಳುವಿಗೆ ಬದುಕಿಲ್ಲ. ನಮ್ಮ ಹಿರಿಯರಿಗೆ ಆಮ್ಲಜನಕ ಎಂಬ ಹೆಸರು ಗೊತ್ತಿರಲಿಲ್ಲ, ಅದನ್ನು ಹೊರಗಿಡುವ ವಿದ್ಯೆ ಗೊತ್ತಿತ್ತು. ಉಪ್ಪಿನಕಾಯಿಯ ಮೇಲೆ ಎಣ್ಣೆ ನಿಲ್ಲಿಸುವುದೂ ಅದೇ ವಿದ್ಯೆ. ಆ ಹಗೇವಿನ ಗೋಡೆಯನ್ನು ಇಂದು ತಲೆಗೂದಲಿಗಿಂತ ತೆಳ್ಳಗೆ ಮಾಡಿದ್ದಾರೆ. ಅದರ ವಿಚಾರ ನಿಮಗೆ ಹೇಳಬೇಕೆಂದಿದ್ದೇನೆ.

ಬ್ಯಾಡಗಿ ಮೆಣಸಿನಕಾಯಿಗೆ ಬೆಲೆ ಬರುವುದು ಖಾರಕ್ಕಲ್ಲ, ಬಣ್ಣಕ್ಕೆ. 2011ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಅಮೆರಿಕದ ಮಸಾಲೆ ವ್ಯಾಪಾರಿಗಳ ಸಂಘದ ಹೆಸರಿನಲ್ಲಿರುವ ‘ಆಸ್ಟಾ’ ಎಂಬ ಮಾನದಿಂದ ಆ ಬಣ್ಣವನ್ನು ಅಳೆಯುತ್ತಾರೆ. ಕಾಯಿಯಿಂದ ಬಣ್ಣದ ಸತ್ವ ಹಿಂಡಿ ತೆಗೆಯುವ ಕಾರ್ಖಾನೆಗಳು ಈ ಊರಿನಲ್ಲೇ ಇವೆ.

ಈ ಕೆಂಪು ಶಾಶ್ವತವಲ್ಲ. ಅದರಲ್ಲಿ ಮುಖ್ಯವಾದದ್ದು ಕ್ಯಾಪ್ಸಾಂಥಿನ್ ಎಂಬ ವಸ್ತು. ಗಾಳಿಯ ಆಮ್ಲಜನಕ ತಾಗಿದಂತೆಲ್ಲ ಅದು ಒಡೆದು ಬಣ್ಣಗೆಡುತ್ತದೆ. ಬೆಳಕು, ಬಿಸಿ ಸೇರಿದರೆ ಇನ್ನೂ ಬೇಗ. ಇಡೀ ಕಾಯಿಗೆ ಸಿಪ್ಪೆಯ ರಕ್ಷಣೆ ಇದೆ. ಕುಟ್ಟಿ ಪುಡಿ ಮಾಡಿದಿರೋ, ಕಣಕಣಕ್ಕೂ ಗಾಳಿ ತಾಗುತ್ತದೆ.

ಹಾಗಾಗಿ ಇಲ್ಲಿ ಕಾಯುವ ಶಕ್ತಿ ಇದ್ದವನಿಗೆ ಲಾಭ. ಕೋಲ್ಡ್ ಸ್ಟೋರೇಜಿನ ಬಾಡಿಗೆ ಕೊಡಬಲ್ಲವನು ಕಾಯುತ್ತಾನೆ, ಕೊಡಲಾರದವನು ಆ ವಾರದ ಬೆಲೆಗೇ ಚೀಲ ಇಳಿಸುತ್ತಾನೆ. 2024ರ ಮಾರ್ಚ್ 11ರಂದು ಬೆಲೆ ಕುಸಿಯಿತೆಂದು ರೈತರು ಸಿಟ್ಟಿಗೆದ್ದು, ಇಲ್ಲಿನ ಎ.ಪಿ.ಎಂ.ಸಿ. ಆವರಣದಲ್ಲಿ ಬೆಂಕಿ ಎದ್ದದ್ದನ್ನು ನೀವೇ ಕಂಡಿದ್ದೀರಿ. ಬೆಲೆ ಕುಸಿತಕ್ಕೆ ಪ್ಯಾಕೆಟ್ಟು ಮದ್ದಲ್ಲ. ಆದರೆ ಮಾಲನ್ನು ಕೆಡದಂತೆ ಇಟ್ಟುಕೊಳ್ಳುವ ಉಪಾಯ ಬಡವರ ಕೈಗೂ ಬರಬೇಕೆಂಬುದನ್ನು ಆ ದಿನ ನೆನಪಿಸುತ್ತದೆ.

ನೀವು ಪುಡಿ ತುಂಬುವ ಸಾದಾ ಪಾಲಿಥೀನ್ ಕವರು ನೀರಿನ ತೇವವನ್ನು ಚೆನ್ನಾಗಿ ತಡೆಯುತ್ತದೆ. ಗಾಳಿಗೆ ಮಾತ್ರ ಅದು ಜರಡಿ ಇದ್ದಂತೆ. 25 ಮೈಕ್ರಾನ್ ದಪ್ಪದ, ಒಂದು ಚದರ ಮೀಟರ್ ಪಾಲಿಥೀನ್ ಹಾಳೆಯ ಒಂದು ಪಕ್ಕಕ್ಕೆ ಶುದ್ಧ ಆಮ್ಲಜನಕ ಇಟ್ಟು ಅಳೆದರೆ, ದಿನಕ್ಕೆ ಹಲವು ಲೀಟರ್ ಆಚೆಗೆ ನುಸುಳಿರುತ್ತದೆ. ಪರಿಮಳದ ತೈಲವೂ ಹೀಗೆಯೇ ಹೊರಗೆ ಹೋಗುತ್ತದೆ.

ನಮ್ಮ ಮೂರು ಊರುಗಳಿಗೆ ಮೂರು ಬಗೆಯ ಕಾವಲು ಬೇಕು. ಮಲೆನಾಡಿನ ಏಲಕ್ಕಿಯನ್ನು ತೊಳೆದು ಹೆಸರಾದ, ಏಲಕ್ಕಿ ಹಾರ ಕಟ್ಟುವ ಹಾವೇರಿಗೆ ಕಂಪು ಹೊರಗೆ ಹೋಗಬಾರದು. ಬೀಜ ಬೆಳೆಸುವ ರಾಣೆಬೆನ್ನೂರಿಗೆ ತೇವ ಒಳಗೆ ಬರಬಾರದು. ಬಂದರೆ ಮೊಳಕೆಯ ಶಕ್ತಿ ಕುಂದುತ್ತದೆ. ಬ್ಯಾಡಗಿಗೆ ಗಾಳಿಯೂ ಬೆಳಕೂ ಬರಬಾರದು. ಒಂದೇ ಹಾಳೆ ಇಷ್ಟನ್ನೂ ಮಾಡಲಾರದು. ಅದಕ್ಕೇ ಹಾಳೆಯ ಮೇಲೆ ಹಾಳೆ ಅಂಟಿಸುತ್ತಾರೆ.

ಆಮ್ಲಜನಕ ತಡೆಯುವುದರಲ್ಲಿ ಹೆಸರಾದದ್ದು ಎಥಿಲೀನ್ ವಿನೈಲ್ ಆಲ್ಕೊಹಾಲ್. ಜಪಾನಿನ ಕುರಾರೆ ಕಂಪೆನಿ ಇದನ್ನು 1972ರಲ್ಲಿ ಮಾರುಕಟ್ಟೆಗೆ ತಂದಿತು. ಪಾಲಿಥೀನಿನಿಂದ ಲೀಟರುಗಟ್ಟಲೆ ನುಸುಳುವ ಕಡೆ, ಒಣಗಿದ ಸ್ಥಿತಿಯಲ್ಲಿ ಇದರಿಂದ ನುಸುಳುವುದು ಒಂದು ಮಿಲಿಲೀಟರಿನ ಆಸುಪಾಸು, ಕೆಲವು ಬಗೆಗಳಲ್ಲಿ ಅದಕ್ಕೂ ಕಡಿಮೆ. ತೇವ ಹೀರಿದರೆ ಮಾತ್ರ ಇದರ ಬಿಗಿ ಸಡಿಲುತ್ತದೆ. ಆದ್ದರಿಂದ ಎರಡು ಪಾಲಿಥೀನ್ ಪದರಗಳ ನಡುವೆ, ಹೋಳಿಗೆಯಲ್ಲಿ ಹೂರಣವಿಟ್ಟಂತೆ, ಇದನ್ನು ಇಡುತ್ತಾರೆ. ಇನ್ನೊಂದು ದಾರಿ, ಅಲ್ಯುಮಿನಿಯಮ್ಮಿನ ಆವಿ ಹಾಯಿಸಿ ಲೇಪ ಕೊಟ್ಟ ಪಾಲಿಯೆಸ್ಟರ್ ಹಾಳೆ. ಒಳಮೈ ಬೆಳ್ಳಿಯಂತೆ ಹೊಳೆಯುವ ಚಿಪ್ಸ್ ಪ್ಯಾಕೆಟ್ಟಿಗೂ ಸಾಮಾನ್ಯವಾಗಿ ಇಂಥದೇ ಲೇಪ ಇರುತ್ತದೆ. ಬೆಳಕನ್ನೂ ತಡೆಯುವುದರಿಂದ ಖಾರದ ಪುಡಿಗೆ ಇದು ಒಪ್ಪುತ್ತದೆ. ಗಿರಾಕಿಗೆ ಬಣ್ಣ ಕಾಣಲೆಂದು ನಾವು ಪಾರದರ್ಶಕ ಕವರನ್ನೇ ಆರಿಸುತ್ತೇವೆ. ತೋರಿಸುವ ಆಸೆಗೇ ತೋರಿಸಬೇಕಾದ ಬಣ್ಣ ಹೋಗುತ್ತದೆ.

ಒಂದು ಎಚ್ಚರಿಕೆ. ಹಗೇವಿನಲ್ಲಿ ಸಿಕ್ಕಿಕೊಂಡ ಗಾಳಿಯನ್ನು ಜೋಳವೇ ಮುಗಿಸುತ್ತಿತ್ತು. ಪುಡಿಗೆ ಆ ಉಸಿರಿಲ್ಲ. ಎಷ್ಟೇ ಒಳ್ಳೆಯ ಹಾಳೆ ಇದ್ದರೂ ಪ್ಯಾಕೆಟ್ಟಿನೊಳಗೆ ಉಳಿದ ಗಾಳಿ ಒಳಗಿಂದಲೇ ಬಣ್ಣ ತಿನ್ನುತ್ತದೆ. ಅದನ್ನು ಹೀರಿ ತೆಗೆಯಬೇಕು, ಇಲ್ಲವೇ ಸಾರಜನಕ ತುಂಬಿ ಹೊರದೂಡಬೇಕು. ಸೀಲು ಹಾಕುವಲ್ಲಿ ಚಿಟಿಕೆ ಪುಡಿ ಸಿಕ್ಕಿದರೂ ಸಾಕು, ಇಡೀ ಹಾಳೆಯ ಖರ್ಚು ದಂಡ. ಕಾಯಿಯನ್ನು ಮೊದಲು ಚೆನ್ನಾಗಿ ಒಣಗಿಸಿರಬೇಕು. ಯಾವ ಪದಾರ್ಥಕ್ಕೆ ಯಾವ ಹಾಳೆ ಎಂಬುದರ ಬಗೆಗೆ ಮೈಸೂರಿನಲ್ಲಿ 1950ರಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ, ಅಂದರೆ ಸಿ.ಎಫ್.ಟಿ.ಆರ್.ಐ., ಕೆಲಸ ಮಾಡುತ್ತ ಬಂದಿದೆ.

ಇದರ ಇನ್ನೊಂದು ಮುಖವನ್ನೂ ಹೇಳಬೇಕು. ಹಗೇವಿನ ಗೋಡೆ ಮಣ್ಣು. ಹಾಳಾದರೆ ಮಣ್ಣಿಗೇ ಸೇರುತ್ತಿತ್ತು. ಅಂಟಿಸಿದ ಪದರಗಳನ್ನು ಬಿಡಿಸುವುದು ಕಷ್ಟ, ಚಿಂದಿ ಆಯುವವರೂ ಅದನ್ನು ಮುಟ್ಟುವುದಿಲ್ಲ. 2016ರ ಪ್ಲಾಸ್ಟಿಕ್ ತ್ಯಾಜ್ಯ ನಿಯಮಗಳು ಇಂಥ ಬಹುಪದರದ ಹಾಳೆಯನ್ನು ವಾಪಸು ಸಂಗ್ರಹಿಸುವ ಹೊಣೆಯನ್ನು ತಯಾರಕರ ಮೇಲೆ ಹಾಕಿವೆ. ಆದರೂ ನಮ್ಮ ಚರಂಡಿಗಳಲ್ಲಿ ಏನು ಹೊಳೆಯುತ್ತಿದೆ ಎಂದು ಬೇರೆ ಹೇಳಬೇಕಿಲ್ಲ.

ಆದ್ದರಿಂದ ನನ್ನ ಮಾತು ಇಷ್ಟು. ಊರಲ್ಲೇ, ವಾರದಲ್ಲೇ ಮಾರುವ ಪುಡಿಗೆ ಈ ಹಾಳೆ ಬೇಡ. ಕಾಯಿ ಇಟ್ಟುಕೊಂಡು ಬೇಡಿಕೆ ಬಂದಷ್ಟೇ ಕುಟ್ಟಿ. ದೂರದ ಊರಿಗೆ ಹೋಗಿ ತಿಂಗಳುಗಟ್ಟಲೆ ಅಂಗಡಿಯಲ್ಲಿ ಕೂರುವ ಪುಡಿಗೆ ಮಾತ್ರ ಇದನ್ನು ಬಳಸಿ.

ನನ್ನ ಮಾತನ್ನೇ ನಂಬಬೇಕಿಲ್ಲ. ಒಂದೇ ಪುಡಿಯನ್ನು ಸಾದಾ ಕವರಿನಲ್ಲೊಂದು, ಹೊಳಪಿನ ಕವರಿನಲ್ಲೊಂದು ತುಂಬಿ, ಗಾಳಿ ಒತ್ತಿ ತೆಗೆದು ಸೀಲು ಹಾಕಿ, ಯುಗಾದಿಯ ದಿನ ಕಿಟಕಿಯ ಬಳಿ ಇಡಿ. ದೀಪಾವಳಿಗೆ ಎರಡನ್ನೂ ಬಿಳಿ ಕಾಗದದ ಮೇಲೆ ಸುರಿದು ನೋಡಿ. ಯಾವುದಕ್ಕೆ ಎಷ್ಟು ಖರ್ಚು ಮಾಡಬೇಕೆಂಬುದನ್ನು ಆಮೇಲೆ ನೀವೇ ತೀರ್ಮಾನಿಸಿ.