ಮೊದಲು ಕಾಲುದಾರಿ, ಆಮೇಲೆ ರೈಲು ಪಾಸು



ಮೆಟ್ಟುಪಾಳ್ಯದಿಂದ ಕೂನೂರಿಗೆ ಏರುವ ನೀಲಗಿರಿಯ ಪುಟ್ಟ ರೈಲನ್ನು ಕಂಡವರಿಗೆ ಎರಡು ಹಳಿಗಳ ನಡುವೆ ಹಾಸಿರುವ ಹಲ್ಲುಪಟ್ಟಿಯ ನೆನಪಿರುತ್ತದೆ. ಇಂಜಿನ್ನಿನ ಹಲ್ಲುಗಾಲಿ ಆ ಪಟ್ಟಿಯನ್ನು ಕಚ್ಚಿಕೊಂಡು ಇಡೀ ಗಾಡಿಯನ್ನು ಮೇಲಕ್ಕೆ ತಳ್ಳುತ್ತದೆ. 1899ರಲ್ಲಿ ಸಂಚಾರಕ್ಕೆ ತೆರೆದ ಈ ಮಾರ್ಗದ ಹಲ್ಲುಪಟ್ಟಿಯ ವಿಧಾನ ರೋಮನ್ ಆಬ್ಟ್ ಎಂಬ ಸ್ವಿಸ್ ಇಂಜಿನಿಯರನದು. ಅಲ್ಲಿ ಓಡಿದ ಹಲವು ಉಗಿಯಂತ್ರಗಳು ಸ್ವಿಟ್ಜರ್ಲೆಂಡಿನ ವಿಂಟರ್‌ಥೂರ್ ನಗರದ ಕಾರ್ಖಾನೆಯಲ್ಲಿ ತಯಾರಾದವು. ಆ ಹಲ್ಲುಪಟ್ಟಿಯ ತವರಾದ ಆಲ್ಪ್ಸ್ ಪರ್ವತಗಳಿಗೆ ಇಂದು ಕನ್ನಡನಾಡಿನಿಂದ ಹೋಗುವವರು ಹಲವರಿದ್ದಾರೆ. ಅವರಲ್ಲಿ ಹಿಮ ಮುಟ್ಟಿ ಫೋಟೋ ತೆಗೆಸಿಕೊಂಡು ಮರಳುವವರೇ ಹೆಚ್ಚು. ಆದರೂ ಬೆನ್ನಚೀಲ ಹೊತ್ತು ನಾಲ್ಕಾರು ದಿನ ನಡೆಯಲೆಂದೇ ಹೋಗುವ ಒಂದು ಸಣ್ಣ ವರ್ಗ ಬೆಳೆಯುತ್ತಿದೆ. ಅವರ ಮುಂದೆ ಮೊದಲು ಬಂದು ನಿಲ್ಲುವ ಪ್ರಶ್ನೆ ಯಾವ ರೈಲು ಪಾಸು ಕೊಳ್ಳಬೇಕು ಎಂಬುದು. ಈ ಪ್ರಶ್ನೆ ಮೊದಲು ಬರುವುದೇ ಅರ್ಧ ತಪ್ಪು.

ಕರ್ನಾಟಕದ ಘಟ್ಟಗಳಲ್ಲಿ ಚಾರಣಕ್ಕೂ ರೈಲಿಗೂ ಬೆಳೆದ ನಂಟು ವಿಚಿತ್ರವಾದುದು. ಸಕಲೇಶಪುರದಾಚೆಯ ಎಡಕುಮೇರಿಯ ಸುರಂಗ, ಸೇತುವೆಗಳಲ್ಲಿ ಹಳಿಯ ಮೇಲೆಯೇ ನಡೆಯುವುದನ್ನು ಚಾರಣವೆಂದು ಕರೆದುಕೊಂಡವರುಂಟು. 1989ರ ರೈಲ್ವೆ ಕಾಯ್ದೆಯ ಪ್ರಕಾರ ಅದು ಅತಿಕ್ರಮ ಪ್ರವೇಶ. ಅಪಾಯದ ಮಾತಂತೂ ಹೇಳಬೇಕಾಗಿಲ್ಲ. ಆಲ್ಪ್ಸಿನಲ್ಲಿ ಹಳಿಯೂ ಕಾಲುದಾರಿಯೂ ಬೇರೆ ಬೇರೆ, ಆದರೆ ಒಂದನ್ನೊಂದು ಮುಟ್ಟುತ್ತಲೇ ಸಾಗುತ್ತವೆ. ಸ್ವಿಟ್ಜರ್ಲೆಂಡಿನಲ್ಲಿ ಗುರುತು ಹಾಕಿದ ಚಾರಣದಾರಿಗಳು ಸುಮಾರು 65,000 ಕಿಲೋಮೀಟರ್ ಇವೆ. 1979ರಲ್ಲಿ ಜನಮತದ ಮೂಲಕ ಕಾಲುದಾರಿಗಳು ಆ ದೇಶದ ಸಂವಿಧಾನದಲ್ಲಿ ಸ್ಥಾನ ಪಡೆದವು. 1985ರಲ್ಲಿ ಅವಕ್ಕೆಂದೇ ಪ್ರತ್ಯೇಕ ಕಾನೂನು ರೂಪುಗೊಂಡಿತು. ಬಹುಪಾಲು ದಾರಿಗಳ ಹಳದಿ ಫಲಕ ರೈಲು ನಿಲ್ದಾಣದಲ್ಲೋ ಬಸ್ಸಿನ ತಂಗುದಾಣದಲ್ಲೋ ಶುರುವಾಗುತ್ತದೆ. ಫಲಕದ ಮೇಲೆ ದೂರವಲ್ಲ, ನಡೆಯಲು ಬೇಕಾಗುವ ಸಮಯ ಬರೆದಿರುತ್ತದೆ. ಬೆಟ್ಟದ ಊರಿನವರು ದಾರಿ ಹೇಳುವ ರೀತಿಯೇ ಅದು: ಎಷ್ಟು ದೂರ ಎಂದು ಕೇಳಿದರೆ ಎಷ್ಟು ಹೊತ್ತಿನ ದಾರಿ ಎಂದು ಉತ್ತರ ಬರುತ್ತದೆ.

ಈ ಜೋಡಣೆಯಿಂದ ಚಾರಣಿಗನಿಗೆ ದೊರೆಯುವ ದೊಡ್ಡ ಲಾಭ ಹಣದ್ದಲ್ಲ. ಕಾರಿನಲ್ಲಿ ಬಂದವನು ಎಷ್ಟೇ ಸೊಗಸಾದ ಬೆಟ್ಟ ಹತ್ತಿದರೂ ಕಾರು ನಿಂತಲ್ಲಿಗೇ ಇಳಿದು ಬರಬೇಕು. ರೈಲಿನಲ್ಲಿ ಬಂದವನು ಒಂದು ಕಣಿವೆಯಲ್ಲಿ ಹತ್ತಿ ಇನ್ನೊಂದು ಕಣಿವೆಯಲ್ಲಿ ಇಳಿಯಬಲ್ಲ. ಬರ್ನೀಸ್ ಓಬರ್‌ಲಾಂಡ್ ಪ್ರದೇಶದ ಒಂದು ಪ್ರಸಿದ್ಧ ದಾರಿಯನ್ನೇ ನೋಡಬಹುದು. ವಿಲ್ಡರ್ಸ್‌ವಿಲ್ ಊರಿನಿಂದ, 1893ರಲ್ಲಿ ಆರಂಭವಾದ ಹಲ್ಲುಪಟ್ಟಿಯ ರೈಲಿನಲ್ಲಿ 1,967 ಮೀಟರ್ ಎತ್ತರದ ಶೀನಿಗೆ ಪ್ಲಾಟೆಗೆ ಏರುವುದು. ಅಲ್ಲಿಂದ ಏಣುಗಳ ಮೇಲೆ ಸುಮಾರು ಹದಿನಾರು ಕಿಲೋಮೀಟರ್, ಆರು ತಾಸು ನಡೆದು, 2,681 ಮೀಟರ್ ಎತ್ತರದ ಫೌಲ್‌ಹಾರ್ನ್ ಶಿಖರವನ್ನೂ ಬಾಖ್‌ಆಲ್ಪ್ ಸರೋವರವನ್ನೂ ದಾಟಿ ಫಿರ್ಸ್ಟ್ ಎಂಬಲ್ಲಿಗೆ ಬರುವುದು. ಅಲ್ಲಿಂದ ಕೇಬಲ್ ಕಾರಿನಲ್ಲಿ ಗ್ರಿಂಡೆಲ್‌ವಾಲ್ಡಿಗೆ ಇಳಿದು ರೈಲಿನಲ್ಲಿ ಮರಳುವುದು. ಇಲ್ಲಿ ಹೋಗಿಬರುವ ಟಿಕೀಟು ಉಪಯೋಗಕ್ಕೆ ಬಾರದು. ಏರುವ ಟಿಕೀಟು ಒಂದು, ಇಳಿಯುವುದು ಇನ್ನೊಂದು, ಮರಳುವುದು ಮತ್ತೊಂದು. ಬೆಟ್ಟದ ರೈಲಿನ ದರ ಬಯಲಿನ ದರಕ್ಕಿಂತ ಬಹಳ ಹೆಚ್ಚು. ಪಾಸಿನ ಪ್ರಶ್ನೆ ನಿಜವಾಗಿ ಹುಟ್ಟುವುದು ಇಲ್ಲಿ.

ವಿದೇಶಿ ಪ್ರವಾಸಿಗೆ ಮುಖ್ಯವಾಗಿ ಮೂರು ಆಯ್ಕೆಗಳಿವೆ. ಮೊದಲನೆಯದು ಇಡೀ ದೇಶಕ್ಕೆ ಸಲ್ಲುವ ಸ್ವಿಸ್ ಟ್ರಾವೆಲ್ ಪಾಸ್: ರೈಲು, ಹಳದಿ ಅಂಚೆಬಸ್ಸು, ಸರೋವರದ ದೋಣಿ, ನಗರ ಸಾರಿಗೆ ಎಲ್ಲವೂ ಸೇರಿ 3, 4, 6, 8 ಅಥವಾ 15 ದಿನಗಳಿಗೆ. ಎರಡನೆಯದು ಒಂದು ತಿಂಗಳ ಕಾಲ ಟಿಕೀಟುಗಳನ್ನು ಅರ್ಧ ದರಕ್ಕೆ ಕೊಡಿಸುವ ಹಾಫ್ ಫೇರ್ ಕಾರ್ಡ್. ಮೂರನೆಯದು ಪ್ರಾದೇಶಿಕ ಪಾಸುಗಳು: ಓಬರ್‌ಲಾಂಡಿಗೆ ಒಂದು, ಲೂಸರ್ನ್ ಸರೋವರದ ಸುತ್ತಲಿನ ನಾಡಿಗೆ ಟೆಲ್ ಪಾಸ್, ಹೀಗೆ. ಹಲವು ದೇಶ ಸುತ್ತುವವರು ಕೊಳ್ಳುವ ಯೂರೇಲ್ ಪಾಸಿನ ಮಾತು ಇಲ್ಲಿ ಹೆಚ್ಚು ಬೇಡ. ಅದು ಮುಖ್ಯ ರೈಲುಗಳಿಗೆ ಸಲ್ಲುತ್ತದೆ, ಅಂಚೆಬಸ್ಸಿಗೆ ಸಲ್ಲುವುದಿಲ್ಲ. ಬಸ್ಸಿಲ್ಲದ ಚಾರಣಿಗ ಕಣಿವೆಯ ತಳದಲ್ಲೇ ಉಳಿಯುತ್ತಾನೆ.

ದೇಶವ್ಯಾಪಿ ಪಾಸಿಗೆ ಆಕರ್ಷಣೆ ಹೆಚ್ಚು. ‘ಎಲ್ಲವೂ ಸೇರಿದೆ’ ಎಂಬ ಮಾತು ಯಾರಿಗಾದರೂ ಹಿತವೇ. ಆದರೆ ಬೆಟ್ಟದಲ್ಲಿ ಎಲ್ಲವೂ ಸೇರಿರುವುದಿಲ್ಲ. ರಿಗಿ, ಸ್ಟಾನ್ಸರ್‌ಹಾರ್ನ್, ಷ್ಟೂಸ್ ಬೆಟ್ಟಗಳು ಆ ಪಾಸಿನಲ್ಲಿ ಸೇರಿವೆ. ವೆಂಗನ್, ಮ್ಯೂರೆನ್, ಜೆರ್ಮಾಟ್‌ನಂತಹ ಕಾರುಗಳಿಲ್ಲದ ಎತ್ತರದ ಊರುಗಳವರೆಗೂ ಅದು ಸಲ್ಲುತ್ತದೆ. ಅದರಿಂದ ಮೇಲಕ್ಕೆ ಹೋಗುವ ಅನೇಕ ರೈಲು, ಕೇಬಲ್ ಕಾರುಗಳಿಗೆ ಅರ್ಧ ದರ ತೆರಬೇಕು. ಹಾಫ್ ಫೇರ್ ಕಾರ್ಡಿನವನು ತೆರುವುದೂ ಅದೇ ಅರ್ಧ. ಇನ್ನೂ ಸೋಜಿಗವೆಂದರೆ, 1912ರಿಂದ 3,454 ಮೀಟರ್ ಎತ್ತರಕ್ಕೆ ಸುರಂಗದೊಳಗೆ ಏರುತ್ತಿರುವ ಯುಂಗ್‌ಫ್ರೌಯೋಖ್ ರೈಲಿನಲ್ಲಿ ದುಬಾರಿ ಪಾಸಿನವನಿಗೆ ಕಾಲುಭಾಗ ಮಾತ್ರ ರಿಯಾಯಿತಿ, ಅಗ್ಗದ ಕಾರ್ಡಿನವನಿಗೆ ಅರ್ಧ.

ದರಗಳು ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ ಲೆಕ್ಕದ ವಿಧಾನ ಕಲಿತರೆ ಸಾಕು. 2024ರಲ್ಲಿ ಎರಡನೇ ದರ್ಜೆಯ ಎಂಟು ದಿನದ ಟ್ರಾವೆಲ್ ಪಾಸಿಗೆ 419 ಫ್ರಾಂಕ್, ಹಾಫ್ ಫೇರ್ ಕಾರ್ಡಿಗೆ 120 ಫ್ರಾಂಕ್ ಇತ್ತು. ವ್ಯತ್ಯಾಸ 299. ಅಂದರೆ ಪಾಸು ಪೂರ್ತಿಯಾಗಿ ಭರಿಸುವ ಪ್ರಯಾಣಗಳ ಪೂರ್ಣ ದರ ಒಟ್ಟು 598 ಫ್ರಾಂಕ್ ದಾಟಿದರೆ ಮಾತ್ರ ಪಾಸು ಗೆಲ್ಲುತ್ತದೆ. ಎರಡು ಕಡೆಯೂ ಅರ್ಧ ದರವಿರುವ ಬೆಟ್ಟದ ಟಿಕೀಟುಗಳನ್ನು ಈ ಲೆಕ್ಕದಿಂದ ಹೊರಗಿಡಬೇಕು. ಬಹಳಷ್ಟು ಜನ ಎಡವುವುದು ಇಲ್ಲಿಯೇ. ಬೆಂಗಳೂರಿನಿಂದ ಹೊರಟ ದಂಪತಿ ಜ್ಯೂರಿಕ್‌ನಲ್ಲಿ ಇಳಿದು ನೇರವಾಗಿ ಲೌಟರ್‌ಬ್ರುನೆನ್ ಕಣಿವೆಗೆ ಬಂದು, ಅಲ್ಲಿಯೇ ಆರು ದಿನ ನಡೆದು ಮರಳುತ್ತಾರೆ ಎಂದಿಟ್ಟುಕೊಂಡರೆ, ಹೋಗಿಬರುವ ರೈಲು ಮತ್ತು ಕಣಿವೆಯೊಳಗಿನ ಚಿಕ್ಕಪುಟ್ಟ ಓಡಾಟ ಸೇರಿಸಿದರೂ ತಲಾ 598 ಮುಟ್ಟುವುದು ಕಷ್ಟ. ಅವರಿಗೆ ಹಾಫ್ ಫೇರ್ ಕಾರ್ಡೇ ಸರಿ. ದಿನವೂ ಒಂದೊಂದು ಬೆಟ್ಟ ಏರುವ ಯೋಜನೆಯಿದ್ದರೆ ಪ್ರಾದೇಶಿಕ ಪಾಸು ಇನ್ನೂ ಸರಿ: ಶೀನಿಗೆ ಪ್ಲಾಟೆ, ಫಿರ್ಸ್ಟ್, ನೀಸನ್ ಇವೆಲ್ಲ ಓಬರ್‌ಲಾಂಡ್ ಪಾಸಿನೊಳಗೆ ಬರುತ್ತವೆ, ಪಿಲಾಟುಸ್, ಟಿಟ್ಲಿಸ್, ರಿಗಿ ಮೂರೂ ಟೆಲ್ ಪಾಸಿನೊಳಗೆ ಬರುತ್ತವೆ. ಅದೇ ದಂಪತಿ ಲೂಸರ್ನ್, ಜೆರ್ಮಾಟ್, ಎಂಗಾಡಿನ್ ಎಂದು ಎರಡು ದಿನಕ್ಕೊಂದು ಊರು ಬದಲಿಸುವುದಾದರೆ, ದೋಣಿಯನ್ನೂ ರಿಗಿಯನ್ನೂ ಸೇರಿಸಿದ ಮೇಲೆ ಲೆಕ್ಕ ದೇಶವ್ಯಾಪಿ ಪಾಸಿನ ಕಡೆಗೆ ವಾಲುತ್ತದೆ.

ಅದೇ ವರ್ಷದ ದರಪಟ್ಟಿಯನ್ನು ಕೃಷಿಕನ ಕಣ್ಣಿನಿಂದ ನೋಡಿದರೆ ಇನ್ನೊಂದು ಸಂಗತಿ ಹೊಳೆಯುತ್ತದೆ. ಮೂರು ದಿನಕ್ಕೆ 244, ನಾಲ್ಕು ದಿನಕ್ಕೆ 295. ಒಂದು ಹೆಚ್ಚಿನ ದಿನಕ್ಕೆ 51 ಫ್ರಾಂಕ್. ಎಂಟು ದಿನಕ್ಕೆ 419, ಹದಿನೈದು ದಿನಕ್ಕೆ 459. ಏಳು ಹೆಚ್ಚಿನ ದಿನಗಳಿಗೆ ಕೇವಲ 40. ಅವಸರದವನು ಹೆಚ್ಚು ತೆರುತ್ತಾನೆ, ನಿಧಾನಿ ಕಡಿಮೆ ತೆರುತ್ತಾನೆ. ಆ ದೇಶದ ರೈಲುಗಳು ಬಹುಪಾಲು ಜಲವಿದ್ಯುತ್ತಿನಿಂದ ಓಡುತ್ತವೆ ಎಂದು ಹೇಳಿ ಸಮಾಧಾನಪಡುವ ಪ್ರವಾಸಿ, ಬೆಂಗಳೂರಿನಿಂದ ಹಾರಿ ಬಂದ ವಿಮಾನದ ಹೊಗೆಯ ಲೆಕ್ಕವನ್ನೂ ಇಡಬೇಕಾಗುತ್ತದೆ. ಐದು ವರ್ಷಕ್ಕೊಮ್ಮೆ ಹೋಗಿ ಮೂರು ವಾರ ಇರುವುದಕ್ಕೂ ವರ್ಷವರ್ಷವೂ ಹೋಗಿ ಐದು ದಿನ ಇರುವುದಕ್ಕೂ ಆ ಲೆಕ್ಕದಲ್ಲಿ ಅಜಗಜಾಂತರ.

ಪಾಸಿಗೆ ಒಂದು ದೋಷವಿದೆ. ಕೊಟ್ಟ ಹಣ ವಸೂಲಾಗಬೇಕು ಎಂಬ ಆಸೆ ಕಾಲನ್ನು ಓಡಿಸುತ್ತದೆ. ಮಳೆ ಹಿಡಿದ ದಿನವೂ, ಮಂಡಿ ನೋಯುವ ದಿನವೂ ಹೊರಡಬೇಕೆನಿಸುತ್ತದೆ. ಪರ್ವತದಲ್ಲಿ ಈ ಆಸೆ ಸುಮ್ಮನೆ ಹಣದ ವಿಷಯವಾಗಿ ಉಳಿಯುವುದಿಲ್ಲ. ಮಧ್ಯಾಹ್ನದ ಗುಡುಗು ಏಣಿನ ಮೇಲೆ ಯಾರನ್ನೂ ಪಾಸು ಕೇಳುವುದಿಲ್ಲ. ಸತತ ದಿನಗಳ ಪಾಸಿಗಿಂತ ತುಸು ಹೆಚ್ಚಿನ ಬೆಲೆಗೆ, ಒಂದು ತಿಂಗಳೊಳಗೆ ಬೇಕಾದ ದಿನಗಳನ್ನು ಆರಿಸಿಕೊಳ್ಳುವ ಫ್ಲೆಕ್ಸ್ ಪಾಸು ಇದೆ. ಎರಡು ದಿನ ಹಳ್ಳಿಯಲ್ಲೇ ಕುಳಿತು ಹಸುಗಳ ಗಂಟೆ ಕೇಳುವ ಮನಸ್ಸಿದ್ದವರಿಗೆ ಆ ಹೆಚ್ಚುವರಿ ಬೆಲೆ ದಂಡವಲ್ಲ.

ಇದಕ್ಕೆ ಎದುರಾದ ವಾದವೂ ಇದೆ, ಅದನ್ನು ತಳ್ಳಿಹಾಕಲಾಗದು. ಆಲ್ಪ್ಸಿನ ಉತ್ತರ ಮಗ್ಗುಲಲ್ಲಿ ಮೂರು ದಿನ ಮಳೆ ಹಿಡಿದಾಗ ದಕ್ಷಿಣ ಮಗ್ಗುಲು ಬಿಸಿಲಿನಲ್ಲಿರುವುದು ಅಪರೂಪವಲ್ಲ. ಘಟ್ಟದ ಮೇಲಿಗೂ ಬಯಲುಸೀಮೆಗೂ ಇರುವ ಅಂತರವನ್ನು ಬಲ್ಲವರಿಗೆ ಇದು ಹೊಸದೇನಲ್ಲ. 2007ರಲ್ಲಿ ತೆರೆದ 34.6 ಕಿಲೋಮೀಟರ್ ಉದ್ದದ ಲೋಟ್ಷ್‌ಬರ್ಗ್ ಸುರಂಗದ ಮೂಲಕ ಸ್ಪೀಟ್ಸ್‌ನಿಂದ ವಿಸ್ಪ್‌ಗೆ ಅರ್ಧ ತಾಸಿನೊಳಗೆ ತಲುಪಬಹುದು. ದೇಶವ್ಯಾಪಿ ಪಾಸು ಕೈಯಲ್ಲಿದ್ದರೆ ಮುಂಜಾನೆ ಆಕಾಶ ನೋಡಿ ಕಣಿವೆಯನ್ನೇ ಬದಲಿಸಬಹುದು. ಪರ್ವತವೂ ಈಗ ಮೊದಲಿನಂತೆ ಸ್ಥಿರವಾಗಿಲ್ಲ. 2022 ಮತ್ತು 2023, ಎರಡೇ ವರ್ಷಗಳಲ್ಲಿ ಸ್ವಿಸ್ ಹಿಮನದಿಗಳು ತಮ್ಮ ಗಾತ್ರದ ಶೇಕಡ 10ರಷ್ಟನ್ನು ಕಳೆದುಕೊಂಡವು. 2025ರ ಮೇ 28ರಂದು ಲೋಟ್ಷನ್‌ಟಾಲ್ ಕಣಿವೆಯಲ್ಲಿ ಹಿಮನದಿಯೂ ಬಂಡೆಯೂ ಒಟ್ಟಾಗಿ ಕುಸಿದು ಬ್ಲಾಟನ್ ಎಂಬ ಹಳ್ಳಿಯನ್ನು ಬಹುಪಾಲು ಹೂತುಹಾಕಿದವು. ಸುಮಾರು ಮುನ್ನೂರು ನಿವಾಸಿಗಳನ್ನು ಒಂಬತ್ತು ದಿನ ಮೊದಲೇ ಹೊರಗೆ ಕಳಿಸಿದ್ದರಿಂದ ಊರು ಹೋದರೂ ಜನ ಉಳಿದರು. ಆದರೂ ಒಬ್ಬರ ಪ್ರಾಣ ಹೋಯಿತು. ಒಂದು ವರ್ಷದ ಹಿಂದಿನ ಪುಸ್ತಕದಲ್ಲಿರುವ ದಾರಿ ಈ ವರ್ಷ ಮುಚ್ಚಿರಬಹುದು ಎಂಬ ಅರಿವಿಟ್ಟುಕೊಂಡೇ ಯೋಜನೆ ಹಾಕಬೇಕಾದ ಕಾಲವಿದು.

ಪಾಸೇ ಬೇಡದ ಸಂದರ್ಭಗಳೂ ಉಂಟು. ಇಟಾಲಿಯನ್ ಮಾತಾಡುವ ಟಿಚೀನೋ ಪ್ರಾಂತದಲ್ಲಿ ರಾತ್ರಿ ತಂಗುವ ಅತಿಥಿಗಳಿಗೆ 2017ರಿಂದ ಆ ಪ್ರಾಂತದೊಳಗಿನ ರೈಲು, ಬಸ್ಸು ಉಚಿತ. ವಸತಿಗೃಹವನ್ನು ಗೊತ್ತುಮಾಡುವಾಗಲೇ ಅತಿಥಿ ಕಾರ್ಡಿನಲ್ಲಿ ಏನೇನು ಸೇರಿದೆ ಎಂದು ಕೇಳಿಕೊಳ್ಳದೆ ಪಾಸು ಕೊಳ್ಳುವುದು ಕೊಟ್ಟಿಗೆಯಲ್ಲಿ ಗೊಬ್ಬರವಿಟ್ಟುಕೊಂಡು ಪೇಟೆಗೆ ಗೊಬ್ಬರ ತರಲು ಹೋದಂತೆ. ಮಕ್ಕಳೊಡನೆ ಹೋಗುವವರಿಗೆ ಟ್ರಾವೆಲ್ ಪಾಸಿನ ಜೊತೆ ಕೇಳಿದರೆ ಪುಕ್ಕಟೆಯಾಗಿ ಸಿಗುವ ಕುಟುಂಬ ಕಾರ್ಡಿನಲ್ಲಿ ಹದಿನಾರು ತುಂಬದ ಮಕ್ಕಳಿಗೆ ಪ್ರಯಾಣ ಉಚಿತ. ಪ್ರಾದೇಶಿಕ ಪಾಸುಗಳಲ್ಲಿ ನಿಯಮ ಬೇರೆಬೇರೆಯಾಗಿರುತ್ತದೆ. ಮತ್ತೆ, ಪಾಸು ಚಾಲ್ತಿಯಲ್ಲಿರುವುದು ಬೇರೆ, ರೈಲು ಓಡುವುದು ಬೇರೆ. ಶೀನಿಗೆ ಪ್ಲಾಟೆಯಂತಹ ಎತ್ತರದ ಮಾರ್ಗಗಳು ಬೇಸಿಗೆಯಿಂದ ಅಕ್ಟೋಬರಿನವರೆಗೆ ಮಾತ್ರ ನಡೆಯುತ್ತವೆ. ಮೇ ತಿಂಗಳ ಶಾಲಾ ರಜೆಯಲ್ಲಿ ಹೋದ ಕುಟುಂಬಕ್ಕೆ ಮೇಲಿನ ದಾರಿಗಳಲ್ಲಿ ಇನ್ನೂ ಹಿಮವಿರುತ್ತದೆ, ಕೆಳಗೆ ನಿಲ್ದಾಣದ ಬಾಗಿಲಿಗೆ ಬೀಗವಿರುತ್ತದೆ.

ಹಳದಿ ಅಂಚೆಬಸ್ಸಿನ ಬಗ್ಗೆ ಒಂದು ಮಾತು. ಅದು ಪ್ರವಾಸಿಗಾಗಿ ಹುಟ್ಟಿದ್ದಲ್ಲ. ಹಳ್ಳಿಯ ಶಾಲಾಮಕ್ಕಳೂ ಸಂತೆಗೆ ಹೋಗುವ ಮುದುಕರೂ ಅದರಲ್ಲೇ ಓಡಾಡುತ್ತಾರೆ. ಬೇಸಿಗೆಯಲ್ಲಿ ದನ ಹೊಡೆದುಕೊಂಡು ಮೇಲಿನ ಹುಲ್ಲುಗಾವಲಿಗೆ ಹೋಗಿ, ಅಲ್ಲಿಯೇ ಗಿಣ್ಣು ಕಾಯಿಸಿ, ಸೆಪ್ಟೆಂಬರಿನಲ್ಲಿ ಇಳಿದು ಬರುವ ಕುಟುಂಬಗಳು ಆ ಕಣಿವೆಗಳಲ್ಲಿ ಇನ್ನೂ ಉಳಿದಿವೆ. ಚಾರಣದ ದಾರಿ ಎಷ್ಟೋ ಕಡೆ ಅವರ ಹುಲ್ಲುಗಾವಲಿನ ನಡುವೆಯೇ ಹಾಯುತ್ತದೆ. ಕರುವಿರುವ ಹಸುವಿನಿಂದ ದೂರ ನಡೆಯಿರಿ ಎಂಬ ಫಲಕ ಅಲ್ಲಿರುತ್ತದೆ; ಮಲೆನಾಡಿನವರಿಗೆ ಆ ಫಲಕ ಬೇಕಾಗಿಲ್ಲ, ಪೇಟೆಯವರಿಗೆ ಬೇಕು. ಚಾರಣಿಗ ಕೊಡುವ ದರವೂ ಸೇರಿ ಓಡುವ ಆ ಬಸ್ಸು, ಕಣಿವೆಯ ಕೊನೆಯ ಮನೆಯ ಮಗು ಊರು ಬಿಡದೆ ಶಾಲೆ ಓದುವುದಕ್ಕೂ ಆಸರೆ.

ಇನ್ನುಳಿದದ್ದು ಕ್ರಮದ ಮಾತು. ನಕ್ಷೆ ಹರಡಿಕೊಂಡು ನಡೆಯಬೇಕಾದ ದಾರಿಗಳನ್ನು ಮೊದಲು ಗುರುತಿಸುವುದು. ಪ್ರತಿ ದಾರಿಯ ಎರಡೂ ತುದಿಯ ನಿಲ್ದಾಣ ಯಾವುದೆಂದು ಬರೆದುಕೊಳ್ಳುವುದು. ಏರುವ, ಇಳಿಯುವ ದರಗಳನ್ನು ಕೂಡಿಸುವುದು. ಪಾಸಿನ ಅಂಗಡಿಗೆ ಹೋಗುವುದು ಆಮೇಲೆ. ಅದೇ ಕಾಗದದ ಅಂಚಿನಲ್ಲಿ ಪ್ರತಿ ಬೆಟ್ಟದ ಕೊನೆಯ ಕೇಬಲ್ ಕಾರು ಎಷ್ಟು ಹೊತ್ತಿಗೆ ಇಳಿಯುತ್ತದೆ ಎಂಬುದನ್ನೂ ಬರೆದಿಡಬೇಕು. ಫಿರ್ಸ್ಟ್‌ನಲ್ಲಿ ಅದು ತಪ್ಪಿತೆಂದರೆ, ಆರು ತಾಸು ನಡೆದ ಕಾಲಿನಲ್ಲೇ ಗ್ರಿಂಡೆಲ್‌ವಾಲ್ಡಿನವರೆಗೆ ಇನ್ನೂ ಸಾವಿರ ಮೀಟರಿಗೂ ಹೆಚ್ಚು ಇಳಿಯಬೇಕು.