ನೆಟ್ಟ ಮರ, ಹುಟ್ಟಿದ ಮರ

ಧಾರವಾಡದ ಹಳೆಯ ಮನೆಗಳ ಕಂಬ, ತೊಲೆ, ಬಾಗಿಲುಗಳಲ್ಲಿ ದಾಂಡೇಲಿ ಸೀಮೆಯ ಸಾಗವಾನಿಯನ್ನು ಇಂದಿಗೂ ಕಾಣಬಹುದು. ಈಚೆಗೆ ಮನೆಯ ದುರಸ್ತಿಗೆಂದು ಹುಬ್ಬಳ್ಳಿಯ ಕಟ್ಟಿಗೆ ಅಡ್ಡೆಗೆ ಹೋದಾಗ, ಅಲ್ಲಿಯವರು ನನಗೆ ತೋರಿಸಿದ್ದು ನ್ಯೂಜಿಲೆಂಡಿನ ಪೈನ್! ದಾಂಡೇಲಿ ಇಷ್ಟು ಹತ್ತಿರವಿರಲು ಕಡಲಾಚೆಯ ಮೆದುಮರವೇಕೆ?

1988ರ ರಾಷ್ಟ್ರೀಯ ಅರಣ್ಯ ನೀತಿಯು ಆದಾಯಕ್ಕಿಂತ ಪರಿಸರದ ಸಮತೋಲವನ್ನು ಮೇಲೆಂದು ಬಗೆಯಿತು. 1996ರ ಡಿಸೆಂಬರ್ 12ರಂದು ಸರ್ವೋಚ್ಚ ನ್ಯಾಯಾಲಯವು ಗೋದಾವರ್ಮನ್ ಪ್ರಕರಣದಲ್ಲಿ ಮರ ಕಡಿತಕ್ಕೆ ಕಟ್ಟುನಿಟ್ಟಿನ ಮಿತಿ ಹಾಕಿತು. ನಮ್ಮ ಕೊಡಲಿ ತಗ್ಗಿತು. ನಮ್ಮ ಬೇಡಿಕೆ ತಗ್ಗಲಿಲ್ಲ. ಬರ್ಮಾದ ಸಾಗವಾನಿಯ ಮೇಲೆ ನಮ್ಮ ಭಾರ ಬಿದ್ದಿತು. 2014ರ ಏಪ್ರಿಲ್ 1ರಿಂದ ಆ ದೇಶವೂ ದಿಮ್ಮಿಗಳ ರಫ್ತನ್ನು ನಿಷೇಧಿಸಿತು.

ಈ ಎರಡು ದೇಶಗಳಿಂದ ಬಂದ ಮರದ ಮೌಲ್ಯವನ್ನು ವರ್ಷವರ್ಷಕ್ಕೆ ಹೋಲಿಸುವವರು ಎಚ್ಚರದಿಂದಿರಬೇಕು. ರೂಪಾಯಿಯ ಬೆಲೆ ಇಳಿದರೆ, ಬಂದ ಮರ ಅಷ್ಟೇ ಇದ್ದರೂ ಅಂಕಿ ಏರುತ್ತದೆ. 1966ರ ಜೂನ್ 6ರಂದು ಡಾಲರು 4.76 ರೂಪಾಯಿಯಿಂದ 7.50ಕ್ಕೆ ಏರಿದ್ದು ನೆನಪಿದೆಯಷ್ಟೆ? ಅಲ್ಲದೆ ದುಬಾರಿ ಸಾಗವಾನಿಯ ಕೆಲವೇ ದಿಮ್ಮಿಗಳು ಪೈನಿನ ದೊಡ್ಡ ರಾಶಿಗೆ ಸಮನಾಗಿ ಕಾಣುತ್ತವೆ.

ಅಂಕಿಯಲ್ಲಿ ಅಡಗುವ ಇನ್ನೊಂದು ಭೇದವುಂಟು. ನ್ಯೂಜಿಲೆಂಡಿನ ಪೈನ್ ನೆಟ್ಟು ಬೆಳೆಸಿದ ತೋಪಿನದು. 25-30 ವರ್ಷಗಳಲ್ಲಿ ಕಟಾವಿಗೆ ಬಂದು ಮತ್ತೆ ನೆಡಲ್ಪಡುತ್ತದೆ. ಬರ್ಮಾದ ಹೆಮ್ಮರಗಳು ತಾವಾಗಿ ಹುಟ್ಟಿದ ಕಾಡಿನವು. ಅವು ಬೆಳೆಯಲು ತಲೆಮಾರುಗಳೇ ಬೇಕು. ಒಂದು ವರ್ಷದ ಫಸಲು ತಿನ್ನುವುದು ಬೇರೆ, ಬೀಜದ ಕಣಜವನ್ನೇ ಬರಿದುಮಾಡುವುದು ಬೇರೆ.

ನಮ್ಮ ಕಾಡನ್ನು ಉಳಿಸಿಕೊಂಡ ಸಂತೋಷದಲ್ಲಿ ನೆರೆಯವರ ಕಾಡನ್ನು ಮರೆಯಬಾರದು. ಅಂದು ನಾನು ಬೆಲೆಯನ್ನಷ್ಟೇ ಕೇಳಿ ಬಂದೆ. ಮುಂದಿನ ಸಲ ಮೊದಲು ಕೇಳಬೇಕಾದುದು ಇದು: ನೆಟ್ಟ ಮರವೋ, ಹುಟ್ಟಿದ ಮರವೋ?